ತಳ್ಳುಗಾಡಿ ಕೊಡುವ ಮುನ್ನ ನಿಲ್ಲಲು ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಿರುದ್ಯೋಗಿ ಯುವಕ ಯುವತಿಯರಿಗೆ ತಳ್ಳುಗಾಡಿ, ಸಾಲ ಮತ್ತು ಎರಡು ಮೂರು ದಿನಗಳ ತರಬೇತಿ ಕೊಡುವ ಯೋಜನೆಗಳು ನಮ್ಮ ಊರುಗಳಿಗೆ ಆಗಾಗ ಬರುತ್ತವೆ. ಆದರೆ ಆ ಗಾಡಿಯನ್ನು ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ನಿಲ್ಲಿಸಬೇಕು ಎಂಬುದು ಯಾವ ಕಾಗದದಲ್ಲೂ ಇರುವುದಿಲ್ಲ. ಜಾಗವಿಲ್ಲದ ಗಾಡಿ ಮೊದಲ ತೆರವು ಕಾರ್ಯಾಚರಣೆಯಲ್ಲೇ ಲಾರಿ ಏರುತ್ತದೆ, ಸಾಲದ ಕಂತು ಮಾತ್ರ ಮನೆಯಲ್ಲಿ ಉಳಿಯುತ್ತದೆ. ಆದ್ದರಿಂದ ಇಂಥ ಕಾರ್ಯಕ್ರಮ ಶುರುವಾಗಬೇಕಾದದ್ದು ಜಾಗದಿಂದ. ಪ್ರಮಾಣಪತ್ರ, ಗಾಡಿ, ಸಾಲ ಇವೆಲ್ಲ ಅದರ ಹಿಂದೆ ಬರಬೇಕು.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಇದಕ್ಕೆ ದಾರಿಯಿದೆ. ಸಾಮಾನ್ಯವಾಗಿ ಬೀದಿ ವ್ಯಾಪಾರಿಗಳ ಸಮೀಕ್ಷೆಯಲ್ಲಿ ಹೆಸರು ಸೇರಿದವರಿಗೆ ವ್ಯಾಪಾರ ಪ್ರಮಾಣಪತ್ರ ಸಿಗುತ್ತದೆ, ಹೊಸಬರ ಹೆಸರು ಅದರಲ್ಲಿ ಇರುವುದಿಲ್ಲ. ಹಾಗಿದ್ದರೂ ಎರಡು ಸಮೀಕ್ಷೆಗಳ ನಡುವಿನ ಅವಧಿಯಲ್ಲಿ ವ್ಯಾಪಾರ ಮಾಡಬಯಸುವವರಿಗೆ, ವಲಯದ ಧಾರಣಾ ಸಾಮರ್ಥ್ಯ (ಅಲ್ಲಿ ಎಷ್ಟು ವ್ಯಾಪಾರಿಗಳಿಗೆ ಜಾಗವಿದೆ ಎಂಬುದು) ನೋಡಿಕೊಂಡು, ಊರಿನ ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿ ಪ್ರಮಾಣಪತ್ರ ಕೊಡಬಹುದು ಎಂದು 4ನೇ ಸೆಕ್ಷನ್ ಹೇಳುತ್ತದೆ. ಯುವಜನರ ಯೋಜನೆ ಈ ಅವಕಾಶವನ್ನೇ ಹಿಡಿದು ನಡೆಯಬೇಕು. ಕೇಂದ್ರ ಕಾಯ್ದೆ 14 ವರ್ಷ ತುಂಬಿದವರಿಗೂ ಪ್ರಮಾಣಪತ್ರಕ್ಕೆ ಅವಕಾಶ ಕೊಡುತ್ತದೆಯಾದರೂ, ಬೆಂಕಿ, ಬಿಸಿ ಎಣ್ಣೆ ಮತ್ತು ರಾತ್ರಿಯ ದುಡಿಮೆ ಇರುವ ಈ ಕೆಲಸಕ್ಕೆ 18 ವರ್ಷ ಆಗದವರನ್ನು ಸೇರಿಸಲೇಬಾರದು ಎಂಬುದು ನಮ್ಮ ಖಚಿತ ನಿಲುವು.

ಇನ್ನೊಂದು ಎಚ್ಚರ ಬೇಕು. ಹೊಸಬರಿಗೆ ಜಾಗ ಮಾಡಲು ಅಲ್ಲೇ ಹತ್ತಾರು ವರ್ಷ ಸೊಪ್ಪು, ಹೂವು ಮಾರಿಕೊಂಡು ಬಂದವರನ್ನು ಎಬ್ಬಿಸುವುದು ಅನ್ಯಾಯ, ಕಾನೂನಿಗೂ ವಿರುದ್ಧ. ಸಮೀಕ್ಷೆಯಲ್ಲಿ ಗುರುತಿಸಿದ ಸಹಜ ಮಾರುಕಟ್ಟೆಯನ್ನು, ಅಂದರೆ ಮಾರುವವರೂ ಕೊಳ್ಳುವವರೂ ಮೊದಲಿನಿಂದ ಸೇರುತ್ತ ಬಂದ ಜಾಗವನ್ನು, ವ್ಯಾಪಾರ ನಿಷಿದ್ಧ ವಲಯವೆಂದು ಘೋಷಿಸುವಂತಿಲ್ಲ. ಸಮಿತಿಯ ಸದಸ್ಯರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಹೊಸ ಜಾಗಗಳ ಪಟ್ಟಿ ಅವರ ಒಪ್ಪಿಗೆಯೊಂದಿಗೆ ಆದರೆ ಬೀದಿಯಲ್ಲಿ ಜಗಳ ಹುಟ್ಟುವುದಿಲ್ಲ.

ಜಾಗದ ಅಳತೆಯಲ್ಲಿ ಬಹಳ ಕಡೆ ಲೆಕ್ಕ ತಪ್ಪುತ್ತದೆ. ನಕ್ಷೆಯ ಮೇಲೆ ಗಾಡಿಯ ಅಳತೆಯನ್ನಷ್ಟೇ ಗುರುತು ಹಾಕುತ್ತಾರೆ. ಗಾಡಿಯ ಅಗಲ 1.2 ಮೀಟರ್, ಮಾರುವವರು ನಿಲ್ಲಲು 0.6 ಮೀಟರ್, ತಟ್ಟೆ ಹಿಡಿದು ನಿಂತವರಿಗೆ 0.9 ಮೀಟರ್. ಇದರ ಮೇಲೆ ಪಾದಚಾರಿಗಳಿಗೆ ಅಡ್ಡಿಯಿಲ್ಲದ 1.8 ಮೀಟರ್ ದಾರಿ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ ಹೇಳುತ್ತದೆ. ಕೂಡಿದರೆ 4.5 ಮೀಟರ್. ನಮ್ಮ ಹೆಚ್ಚಿನ ಫುಟ್‌ಪಾತ್‌ಗಳು ಇದರ ಅರ್ಧದಷ್ಟೂ ಇಲ್ಲ. ಹೀಗಾಗಿ ಫುಟ್‌ಪಾತ್‌ಗಿಂತ ಕಚೇರಿ, ಬ್ಯಾಂಕುಗಳ ಮುಂದೆ ಸಂಜೆ ಆರರ ನಂತರ ಖಾಲಿಯಾಗುವ ವಾಹನ ನಿಲುಗಡೆ ಪಟ್ಟಿಯೇ ವಾಸಿ. ಅಲ್ಲಿ ಗಿರಾಕಿಗಳು ಫುಟ್‌ಪಾತ್ ಕಡೆ ನಿಲ್ಲುತ್ತಾರೆ, ಮಾರುವವರ ಬೆನ್ನು ವಾಹನಗಳ ಕಡೆಗೆ ಬರುತ್ತದೆ. ಅದಕ್ಕೇ ಅವರ ಹಿಂದೆ ಕಬ್ಬಿಣದ ಅಡ್ಡಗಂಬಿ, ಗಾಡಿಗೆ ಕೆಂಪು ಪ್ರತಿಫಲಕ ಪಟ್ಟಿ, ಇಳಿಜಾರಿದ್ದರೆ ಚಕ್ರಕ್ಕೆ ಮರದ ಅಡೆ ಇರಲೇಬೇಕು. ಹುಬ್ಬಳ್ಳಿಯ ದುರ್ಗದಬೈಲು, ಬೆಂಗಳೂರಿನ ವಿ.ವಿ. ಪುರಂನಂಥ ಕಡೆ ಸಂಜೆಯ ತಿಂಡಿ ವ್ಯಾಪಾರ ಕುದುರಿರುವುದು ಜನ ನಿಂತು ತಿನ್ನುವ ತಾಣಗಳು ತಾವಾಗಿಯೇ ಬೆಳೆದದ್ದರಿಂದ. ಹೊಸ ವಲಯದಲ್ಲಿ ಆ ತಾಣವನ್ನು ನಾವೇ ಬಿಡಿಸಿಡಬೇಕಾಗುತ್ತದೆ.

ಬೆಂಕಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗಾಡಿ ಮಾಡಿಸುವಾಗಲೇ ಇದು ತೀರ್ಮಾನವಾಗಿಬಿಡುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ಕೆಳಗಿಳಿದು ನಿಲ್ಲುತ್ತದೆ. ಚರಂಡಿ ಕಲ್ಲಿನ ಮೇಲೆ ಗಾಡಿ ನಿಲ್ಲಿಸಿದರೆ ಗ್ಯಾಸ್ ಸಂದಿಯಿಂದ ಚರಂಡಿಗೆ ಇಳಿದು, ಹತ್ತಡಿ ಆಚೆ ಯಾರೋ ಬೀಡಿ ಹಚ್ಚಿದರೂ ಹೊತ್ತಿಕೊಳ್ಳಬಹುದು. ಸಿಲಿಂಡರ್ ಇಡುವ ಗೂಡಿಗೆ ತಳಮಟ್ಟದಲ್ಲಿ ಎರಡು ಕಡೆ ಗಾಳಿಕಿಂಡಿ ಬೇಕು. ಅಂದ ಕಾಣಲೆಂದು ನಾಲ್ಕೂ ಕಡೆ ತಗಡು ಮುಚ್ಚಿದ ಗೂಡು ಅಪಾಯ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಮನೆ ಬಳಕೆಯ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಚಹಾ, ಚಾಟ್ ಗಾಡಿಗೆ ಕಂಪನಿಯದೇ 5 ಕೆ.ಜಿ. ಸಿಲಿಂಡರ್ ಸಾಕು, ಬೋಂಡಾ, ಮಿರ್ಚಿ ಕರಿಯುವವರಿಗೆ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್ ಬೇಕಾಗುತ್ತದೆ. ಗಲ್ಲಿಗಳಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಗ್ಯಾಸ್ ತುಂಬಿಸಿಕೊಡುವ ಅಂಗಡಿಗಳತ್ತ ಈ ಮಕ್ಕಳು ಸುಳಿಯಬಾರದು.

ಪೈಪ್ ಐಎಸ್‌ಐ ಗುರುತಿನ ಸುರಕ್ಷಾ ಪೈಪ್ ಆಗಿರಲಿ. ತೋಟದ ಹಸಿರು ಪೈಪ್ ಶಾಖಕ್ಕೆ ಮೆತ್ತಗಾಗಿ ಜಾರಿಬಿಡುತ್ತದೆ. ಸೋರಿಕೆ ನೋಡಲು ಸಾಬೂನಿನ ನೊರೆ ಹಚ್ಚಬೇಕು, ಕಡ್ಡಿ ಗೀರಬಾರದು. ಅಂಗಡಿ ಮುಚ್ಚುವಾಗ ಮೊದಲು ರೆಗ್ಯುಲೇಟರ್ ಬಂದ್ ಮಾಡಿದರೆ ಪೈಪಿನಲ್ಲಿ ಉಳಿದ ಗ್ಯಾಸ್ ಒಲೆಯಲ್ಲೇ ಉರಿದು ಮುಗಿಯುತ್ತದೆ. ಬಯಲಿನಲ್ಲಿ ಆಗಾಗ ಆಗುವ ಅವಘಡ ಇನ್ನೊಂದು: ಗಾಳಿಗೆ ಉರಿ ಆರುತ್ತದೆ, ಗ್ಯಾಸ್ ಹರಿಯುತ್ತಲೇ ಇರುತ್ತದೆ, ಗಮನಿಸದೆ ಮತ್ತೆ ಹಚ್ಚಿದಾಗ ಭಗ್ಗೆಂದು ಮುಖಕ್ಕೆ ಬರುತ್ತದೆ. ಒಲೆಯ ಮೂರು ಕಡೆ ಒಂದಡಿ ಎತ್ತರದ ತಗಡಿನ ತಡೆ ಹಾಕಿಸಿ. ಉರಿ ಆರಿದರೆ ನಾಬ್ ಬಂದ್ ಮಾಡಿ ಐದು ನಿಮಿಷ ಬಿಟ್ಟೇ ಹಚ್ಚಬೇಕು. ಬಾಣಲೆಗೆ ಅರ್ಧಕ್ಕಿಂತ ಹೆಚ್ಚು ಎಣ್ಣೆ ಬೇಡ, ಬಾಣಲೆ ಗಿರಾಕಿಗಳ ಕಡೆಗೂ ಇರಬಾರದು. ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯುವುದು ಸಾವಿಗೆ ಸಮಾನ. ನೀರು ಎಣ್ಣೆಯ ಅಡಿಗೆ ಹೋಗಿ ಒಮ್ಮೆಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಬಾಣಲೆಗೆ ಸರಿಹೊಂದುವ ಭಾರದ ಮುಚ್ಚಳ ಕೈಗೆಟುಕುವಂತಿರಲಿ. 4 ಕೆ.ಜಿ.ಯ ಒಣಪುಡಿ ಅಗ್ನಿಶಾಮಕವನ್ನು ಒಲೆಯ ಹಿಂದೆ ನೇತುಹಾಕಿದರೆ ಬೆಂಕಿ ದಾಟಿ ಅದನ್ನು ತೆಗೆಯುವುದು ಹೇಗೆ? ಒಲೆ ಒಂದು ತುದಿಯಲ್ಲಿದ್ದರೆ ಅದು ಇನ್ನೊಂದು ತುದಿಯಲ್ಲಿರಬೇಕು.

ಇನ್ನು ಆಹಾರ. ಸಂಜೆ ಗಾಡಿಗಳಲ್ಲಿ ಹೆಚ್ಚು ಓಡುವ ಎಗ್ ರೈಸ್, ಗೋಬಿ ರೈಸ್‌ನಲ್ಲಿ ಯಾರೂ ಅನುಮಾನಿಸದ ಅಪಾಯವಿದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಮಧ್ಯಾಹ್ನ ಮಾಡಿದ ಅನ್ನ ದೊಡ್ಡ ಪಾತ್ರೆಯಲ್ಲಿ ಉಗುರುಬೆಚ್ಚಗೆ ಕೂತಿದ್ದರೆ ಅವು ಬೆಳೆದು ವಿಷ ಬಿಡುತ್ತವೆ. ರಾತ್ರಿ ಎಷ್ಟೇ ಜೋರು ಉರಿಯಲ್ಲಿ ಹುರಿದರೂ ಆ ವಿಷ ಹೋಗುವುದಿಲ್ಲ. ಒಂದೇ ಸಲ ಎಂಟು ಕೆ.ಜಿ. ಅಕ್ಕಿ ಬೇಯಿಸುವ ಬದಲು ಸಂಜೆ ಐದಕ್ಕೊಮ್ಮೆ, ಎಂಟಕ್ಕೊಮ್ಮೆ ನಾಲ್ಕು ನಾಲ್ಕು ಕೆ.ಜಿ. ಬೇಯಿಸಿ, ಅಗಲ ತಟ್ಟೆಗಳಲ್ಲಿ ಎರಡಿಂಚಿಗಿಂತ ದಪ್ಪವಾಗದಂತೆ ಹರಡಿ ಬೇಗ ಆರಿಸಬೇಕು. ಉಳಿದದ್ದು ಮಾರನೇ ದಿನಕ್ಕಿಲ್ಲ. ಪಲ್ಯ, ಸಾಂಬಾರಿನಂಥ ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು.

ತಟ್ಟೆ ತೊಳೆಯುವ ಒಂದೇ ಬಕೆಟ್ ನೀರು ರೋಗಗಳ ಮೂಲ. ತಟ್ಟೆ ಬಳಸುವುದಾದರೆ ಮೂರು ಬಕೆಟ್ ಬೇಕು: ಸಾಬೂನಿಗೆ ಒಂದು, ಜಾಲಿಸಲು ಒಂದು, ಮೂರನೆಯದರಲ್ಲಿ 10 ಲೀಟರ್ ನೀರಿಗೆ ರೋಗಾಣು ಕೊಲ್ಲುವ ಶೇ 5ರ ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣ 20 ಮಿ.ಲೀ. ಅದರಲ್ಲಿ ಎರಡು ನಿಮಿಷ ಮುಳುಗಿಸಿ, ಒರೆಸದೆ ಆರಲು ಬಿಡಬೇಕು. ಬಿಸಿಲಿಗಿಟ್ಟ ದ್ರಾವಣ ಸತ್ವ ಕಳೆದುಕೊಳ್ಳುತ್ತದೆ. ಮೂರು ಬಕೆಟ್‌ಗೆ ನೀರಿಲ್ಲದ ಕಡೆ ಅಡಿಕೆ ಹಾಳೆ ತಟ್ಟೆಯೇ ಉತ್ತಮ. ಪತ್ರಿಕೆಯ ಹಾಳೆಯಲ್ಲಿ ಬಜ್ಜಿ ಕಟ್ಟುವುದು ನಿಷಿದ್ಧ, ಮಸಿ ಬಿಸಿ ಎಣ್ಣೆಗೆ ಅಂಟಿ ಹೊಟ್ಟೆ ಸೇರುತ್ತದೆ. ಕೃತಕ ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಬ್ಯಾಡಗಿ ಮೆಣಸಿನಕಾಯಿ ಇರುವ ನಾಡಿನಲ್ಲಿ ಕೆಂಪಿಗೇನು ಕೊರತೆ!

ಬೆಳಕಿಗೆ ವಿದ್ಯುತ್ ಕಂಬಕ್ಕೆ ಕೊಕ್ಕೆ ಹಾಕುವುದು ಮಳೆಗಾಲದಲ್ಲಿ ಪ್ರಾಣಕ್ಕೆ ಎರವು. 9 ವಾಟ್‌ನ ಎರಡು ಎಲ್‌ಇಡಿ ದೀಪ ಐದು ಗಂಟೆ ಉರಿಯಲು 90 ವಾಟ್-ಅವರ್ ಬೇಕು, 12 ವೋಲ್ಟ್ 12 ಆಂಪಿಯರ್-ಅವರ್‌ನ, ಅಂದರೆ 144 ವಾಟ್-ಅವರ್‌ನ ಲಿಥಿಯಂ ಬ್ಯಾಟರಿ ಇದಕ್ಕೆ ಸಾಕು. ಅಗ್ಗವೆಂದು 7 ಆಂಪಿಯರ್-ಅವರ್‌ನದು ಕೊಟ್ಟರೆ ವ್ಯಾಪಾರದ ಹೊತ್ತಿಗೇ ದೀಪ ಮಂಕಾಗಿ ಹುಡುಗರು ಮತ್ತೆ ಕಂಬದ ಕಡೆ ನೋಡುತ್ತಾರೆ.

ದುಡ್ಡಿನ ವಿಚಾರದಲ್ಲಿ ಎಡವುವುದು ಮೊದಲ ತಿಂಗಳಲ್ಲೇ. ಬೀದಿ ವ್ಯಾಪಾರಿಗಳಿಗೆ ಸಾಲ ಕೊಡಿಸುವ ಕೇಂದ್ರದ ಯೋಜನೆಯಾದ ಪಿಎಂ ಸ್ವನಿಧಿಯಲ್ಲಿ ಮೊದಲ ಹಂತದ ಸಾಲ ಈಗ 15,000 ರೂಪಾಯಿ. ಅದು ದುಡಿಯುವ ಬಂಡವಾಳಕ್ಕೆಂದು ಇರುವ ಸಾಲ. ಅದನ್ನೇ ಗಾಡಿಗೆ ಸುರಿದರೆ ಅಕ್ಕಿ, ಎಣ್ಣೆಗೆ ಕೈಯಲ್ಲಿ ಕಾಸಿಲ್ಲದೆ ಮೀಟರ್ ಬಡ್ಡಿಯವರ ಮನೆ ಬಾಗಿಲಿಗೆ ಹೋಗಬೇಕಾಗುತ್ತದೆ. ಗಾಡಿಯ ಖರ್ಚನ್ನು ಯೋಜನೆಯೇ ಭರಿಸಲಿ, ಸಾಲ ಸರಕಿಗೆ ಮೀಸಲಿರಲಿ. ದಿನಕ್ಕೆ 50 ರೂಪಾಯಿ ಎತ್ತಿಟ್ಟರೆ 12 ತಿಂಗಳ ಕಂತು ಕಟ್ಟಲು ಆಗುತ್ತದೆ, ಸಮಯಕ್ಕೆ ಕಟ್ಟಿದವರಿಗೆ ಶೇ 7ರ ಬಡ್ಡಿ ಸಹಾಯಧನವೂ ಇದೆ. ವ್ಯಾಪಾರದ ಕ್ಯುಆರ್ ಕೋಡ್‌ಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಗೆಳೆಯರ ಕೈಸಾಲ, ಮನೆ ಖರ್ಚು ಎಲ್ಲ ಒಂದೇ ಖಾತೆಗೆ ಬಂದಿದ್ದರೆ ಬಿಡಿಸಿ ತೋರಿಸುವುದು ಕಷ್ಟ ಎಂಬುದು ಎಲ್ಲರಿಗೂ ಅರಿವಾಯಿತು. ತಿಂಡಿ ಮಾಡಿ ಬಡಿಸುವುದು ಸೇವೆಯ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಜಿಎಸ್‌ಟಿ ನೋಂದಣಿ ಬೇಡದ ವಹಿವಾಟಿನ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ದಿನವೂ 5,500 ರೂಪಾಯಿ ವ್ಯಾಪಾರವಾದರೆ ವರ್ಷಕ್ಕೆ ಆ ಗೆರೆ ದಾಟುತ್ತದೆ. ಆಗ ಹೆದರಿ ಕ್ಯುಆರ್ ಕಿತ್ತುಹಾಕುವ ಬದಲು ನೋಂದಣಿ ಮಾಡಿಸಿ ವಹಿವಾಟಿನ ಮೇಲೆ ನಿಗದಿತ ಶೇಕಡಾವಾರು ತೆರಿಗೆ ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಗೆ ಸೇರಬಹುದು.

ಸರಕು ಜಪ್ತಿಯಾದರೆ ಕೇಳಬೇಕಾದ ಹಕ್ಕುಗಳೂ ತರಬೇತಿಯಲ್ಲಿ ಸೇರಲಿ: ವಶಪಡಿಸಿಕೊಂಡ ವಸ್ತುಗಳ ಪಟ್ಟಿಯನ್ನು ಅಲ್ಲಿಯೇ ಕೊಡಬೇಕು, ಕೆಡುವ ಪದಾರ್ಥವನ್ನು ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಬೇಕು.

ಮೊದಲ ತಂಡಕ್ಕೆ ಇಪ್ಪತ್ತು ಗಾಡಿ ಸಾಕು. ಒಂದು ಮಳೆಗಾಲ ದಾಟಲಿ, ಯಾವ ಜಾಗದಲ್ಲಿ ನೀರು ನಿಲ್ಲುತ್ತದೆ, ಯಾವ ಗೂಡು ತುಕ್ಕು ಹಿಡಿಯುತ್ತದೆ ಎಂಬುದು ತಿಳಿದ ಮೇಲೆ ಸಂಖ್ಯೆ ಹೆಚ್ಚಿಸಬಹುದು. ಅದಕ್ಕೂ ಮೊದಲು ಪ್ರತಿ ನಗರದ ಪಟ್ಟಣ ವ್ಯಾಪಾರ ಸಮಿತಿ ತನ್ನ ಮುಂದಿನ ಸಭೆಯಲ್ಲೇ ವಲಯವಾರು ಖಾಲಿ ಜಾಗ, ಅಳತೆ ಮತ್ತು ವೇಳೆಯ ಪಟ್ಟಿಗೆ ಒಪ್ಪಿಗೆ ಕೊಟ್ಟು, ವಾರ್ಡ್ ಕಚೇರಿಯ ಫಲಕದಲ್ಲಿ ಹಾಕಬೇಕೆಂದು ಒತ್ತಾಯಿಸುತ್ತೇವೆ.

ಇಂತಿ,
ಬೀದಿಬದಿ ವ್ಯಾಪಾರಿಗಳ ಜೊತೆ ಕೆಲಸ ಮಾಡುವ ಓದುಗರು, ಹುಬ್ಬಳ್ಳಿ