‘ಸ್ವಲ್ಪ ಟೈಫಾಯಿಡ್’: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಮಳೆ ಹಿಡಿಯಿತೆಂದರೆ ನಮ್ಮ ತಾಲ್ಲೂಕಿನಲ್ಲಿ ಜ್ವರ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: “ಸ್ವಲ್ಪ ಟೈಫಾಯಿಡ್ ಇದೆಯಂತೆ.” ಆ ‘ಸ್ವಲ್ಪ’ ಹುಟ್ಟುವುದು ನನ್ನಂಥ ಲ್ಯಾಬ್ ಟೆಕ್ನಿಷಿಯನ್ನರ ಕೈಯಲ್ಲಿ. ಸ್ಲೈಡಿನ ಮೇಲೆ ರೋಗಿಯ ಸೀರಮ್ (ರಕ್ತದ ತಿಳಿ) ಒಂದೊಂದು ಹನಿ, ಅದಕ್ಕೆ ಟೈಫಾಯಿಡ್ ರೋಗಾಣುವಿನ ‘ಓ’ ಅಂಶಕ್ಕೆ ನೀಲಿ ದ್ರಾವಣ, ‘ಎಚ್’ ಅಂಶಕ್ಕೆ ಕೆಂಪು. ಒಂದು ನಿಮಿಷ ಅತ್ತಿತ್ತ ವಾಲಿಸಿ, ರವೆಯಂತೆ ಕಾಳು ಕಟ್ಟಿತೇ ಎಂದು ಬೆಳಕಿಗೆ ಹಿಡಿದು ನೋಡುತ್ತೇವೆ. ಕಟ್ಟಿದರೆ, ಸೀರಮ್ ಎಷ್ಟು ಪಟ್ಟು ತೆಳುವಾದರೂ ಕಾಳು ಕಟ್ಟುತ್ತದೆ ಎಂಬ ಲೆಕ್ಕದಲ್ಲಿ ರಿಪೋರ್ಟಿನಲ್ಲಿ 1:80, 1:160 ಎಂದು ಬರೆಯುತ್ತೇವೆ. ಕಟ್ಟಿಯೂ ಕಟ್ಟದಂತಿದ್ದರೆ ಒಬ್ಬೊಬ್ಬರು ಒಂದೊಂದು ಬರೆಯುವುದೂ ಉಂಟು.

ಇದೇ ವಿಡಾಲ್ ಪರೀಕ್ಷೆ, 1896ರಷ್ಟು ಹಳೆಯದು. ರೋಗಾಣು ಇದರ ಕಣ್ಣಿಗೆ ಬೀಳುವುದೇ ಇಲ್ಲ. ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳಷ್ಟೇ ಕಾಣುತ್ತವೆ. ಹಿಂದೊಮ್ಮೆ ಟೈಫಾಯಿಡ್ ಬಂದಿದ್ದರೂ ಪಾಸಿಟಿವ್ ಬರಬಹುದು, ಮಲೇರಿಯಾ ಇದ್ದರೂ ಬರಬಹುದು. ಸರಿಯಾಗಿ ಮಾಡಬೇಕೆಂದರೆ ವಾರ ಹತ್ತು ದಿನ ಬಿಟ್ಟು ಮತ್ತೆ ರಕ್ತ ತೆಗೆದು, ಪ್ರಮಾಣ ನಾಲ್ಕು ಪಟ್ಟು ಏರಿದೆಯೇ ನೋಡಬೇಕು. ಎರಡನೇ ಸಲ ಯಾರು ಬರುತ್ತಾರೆ ಸ್ವಾಮಿ? ಅಷ್ಟರಲ್ಲಿ ಆಂಟಿಬಯೋಟಿಕ್ ಕೋರ್ಸು ಮುಗಿದಿರುತ್ತದೆ. ವೈರಲ್ ಜ್ವರವಾಗಿದ್ದರೆ ತಾನಾಗಿ ಇಳಿದು, ‘ಟೈಫಾಯಿಡ್ ವಾಸಿಯಾಯಿತು’ ಎಂದು ಹೆಸರು ಇಂಜೆಕ್ಷನ್ನಿಗೆ ಹೋಗುತ್ತದೆ. ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಎಂಬ ಬೇರೆಯೇ ಜ್ವರವಾಗಿದ್ದರೆ ಕಷ್ಟ. ಟೈಫಾಯಿಡಿಗೆ ಕೊಡುವ ಸೆಫ್ಟ್ರಿಯಾಕ್ಸೋನಿಗೆ ಅದು ಬಗ್ಗುವುದಿಲ್ಲ, ಡಾಕ್ಸಿಸೈಕ್ಲಿನ್ ಬೇಕು. ಕಳೆದುಹೋದ ಆ ನಾಲ್ಕೈದು ದಿನ ಜೀವಕ್ಕೇ ಕುತ್ತಾಗಬಹುದು.

ಪರೀಕ್ಷೆಯೇ ಬೇಡವೆಂದು ಹೇಳುವವನು ನಾನಲ್ಲ, ಅದೇ ನನ್ನ ಅನ್ನ. ಕ್ಷಯಕ್ಕೆ ಟ್ರೂನ್ಯಾಟ್ ಬಂದಿದೆ: ಕಫದಲ್ಲಿ ರೋಗಾಣು ಇದೆಯೇ, ಇದ್ದರೆ ರಿಫಾಂಪಿಸಿನ್ ಮಾತ್ರೆಗೆ ಬಗ್ಗುತ್ತದೆಯೇ, ಎರಡಕ್ಕೂ ಕೆಲವೇ ಗಂಟೆಗಳಲ್ಲಿ ಉತ್ತರ. ಅದೇ ಕ್ಷಯಕ್ಕೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಕಿಟ್‌ಗಳೂ ಒಂದು ಕಾಲಕ್ಕೆ ಜೋರಾಗಿ ನಡೆಯುತ್ತಿದ್ದವು. ಅವನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು. 2012ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

2024ರಲ್ಲಿ ಡೆಂಗಿ ಪರೀಕ್ಷೆಗೆ ರಾಜ್ಯ ಸರ್ಕಾರ ದರದ ಮಿತಿ ಹಾಕಿದ್ದು ಒಳ್ಳೆಯ ಕೆಲಸ. ಆದರೆ ವಿಡಾಲಿನದು ದರದ ತಂಟೆಯಲ್ಲ. ಅದು ಅಗ್ಗ, ಬೇಗ ಆಗುತ್ತದೆ, ಅದಕ್ಕೇ ಎಲ್ಲರೂ ಬರೆಯುತ್ತಾರೆ. ಡಾಕ್ಟರನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ, ತಾಲ್ಲೂಕು ಮಟ್ಟದಲ್ಲಿ ಬೇರೆ ದಾರಿ ಎಲ್ಲಿದೆ? ಆ ದಾರಿಯ ಹೆಸರು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನೇ ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ಅದಕ್ಕೆ ಎರಡು ಮೂರು ದಿನವಾದರೂ ಹಿಡಿಯುತ್ತದೆ, ಎಲ್ಲ ಟೈಫಾಯಿಡನ್ನೂ ಅದು ಹಿಡಿಯಲಾರದು, ನಿಜ. ಆದರೆ ರೋಗಾಣು ಬೆಳೆದರೆ ಯಾವ ಔಷಧ ಕೆಲಸ ಮಾಡುತ್ತದೆ ಎಂಬುದೂ ತಿಳಿಯುತ್ತದೆ.

ನಮ್ಮಂಥ ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ಕಲ್ಚರ್ ಬಾಟಲಿಗಳು ಸದಾ ಇರಲಿ. ಆಂಟಿಬಯೋಟಿಕ್ಕಿನ ಮೊದಲ ಡೋಸಿಗೆ ಮುಂಚೆಯೇ ರಕ್ತ ತೆಗೆದು ಅದೇ ದಿನ ಜಿಲ್ಲಾ ಲ್ಯಾಬಿಗೆ ಕಳಿಸುವ ಏರ್ಪಾಡಾಗಲಿ. ‘ಒಂದೇ ವಿಡಾಲಿನಿಂದ ಟೈಫಾಯಿಡ್ ಖಚಿತವಾಗದು’ ಎಂಬ ಸಾಲು ಪ್ರತಿ ರಿಪೋರ್ಟಿನಲ್ಲೂ ಕನ್ನಡದಲ್ಲಿ ಅಚ್ಚಾಗಬೇಕೆಂದು ಸುತ್ತೋಲೆ ಹೊರಡಿಸಿ. ಮೊದಲೆರಡಕ್ಕೆ ಬಜೆಟ್ ಬೇಕು. ಮೂರನೆಯದಕ್ಕೆ ತಮ್ಮ ಸಹಿ ಸಾಕು.

ವಿಡಾಲ್ ಕಡಿಮೆಯಾದರೆ ನಮ್ಮ ಲ್ಯಾಬಿನ ವ್ಯಾಪಾರವೂ ಇಳಿಯುತ್ತದೆ. ಮಾಲೀಕರೂ ಪತ್ರಿಕೆ ಓದುವವರು, ಹಾಗಾಗಿ ಹೆಸರು ಹಾಕಿಲ್ಲ, ಮನ್ನಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್