ಕಿರುಬೆರಳು ಜೋಮು ಹಿಡಿಯುತ್ತಾ ಅಮ್ಮ?

ಶೆಫೀಲ್ಡ್
ನವೆಂಬರ್ ಕೊನೆಯ ವಾರ

ಪ್ರೀತಿಯ ಅಮ್ಮನಿಗೆ, ಅಪ್ಪಯ್ಯನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀವೂ ಎಲ್ಲ ಕ್ಷೇಮ ಅಂದುಕೊಂಡಿದ್ದೆ. ಆದರೆ ಮೊನ್ನೆ ಅತ್ತಿಗೆ ಫೋನಲ್ಲಿ ಬೇರೆಯೇ ಹೇಳಿದರು. ರಾತ್ರಿ ಎರಡು ಗಂಟೆಗೆ ನೀನು ಎದ್ದು ಕೂತು, ಒದ್ದೆ ಬಟ್ಟೆ ಕೊಡವೋ ಹಾಗೆ ಬಲಗೈ ಕೊಡವುತ್ತೀಯಂತೆ. ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿ ಬಿತ್ತಂತೆ. ಕೇಳಿದರೆ, "ಅಡಿಕೆ ಸುಲಿದು ಸುಲಿದು ಹಾಗಾಗಿದೆ, ಕೊಯ್ಲು ಮುಗಿದರೆ ಸರಿಹೋಗುತ್ತೆ ಬಿಡು" ಅಂದೆಯಂತೆ.

ಇದನ್ನೆಲ್ಲ ಫೋನಲ್ಲೇ ಮಾತಾಡಬಹುದಿತ್ತು. ಆದರೆ ನಿನ್ನ ಆರೋಗ್ಯದ ಮಾತು ತೆಗೆದರೆ ಸಾಕು, "ಅದಿರಲಿ, ಊಟ ಆಯ್ತಾ?" ಅಂತ ತಿರುಗಿಸುತ್ತೀಯ. ಅಷ್ಟರಲ್ಲಿ ನೆಟ್‌ವರ್ಕೂ ಹೋಗುತ್ತೆ. ಕಾಗದದಿಂದ ಹಾಗೆ ತಪ್ಪಿಸಿಕೊಳ್ಳೋಕೆ ಆಗಲ್ಲ. ಅತ್ತಿಗೆ ಜೋರಾಗಿ ಓದಲಿ, ಅಪ್ಪಯ್ಯನೂ ಕೇಳಿಸಿಕೊಳ್ಳಲಿ.

ಮೊದಲು ನನ್ನದೊಂದು ತಪ್ಪೊಪ್ಪಿಗೆ. ಬೈಯಬೇಡ. ನನಗೂ ಇದೇ ಆಗಿತ್ತು. ಫೆಬ್ರವರಿಯಲ್ಲಿ ಶುರುವಾದದ್ದು. ದೂರದಲ್ಲಿ ಕೂತು ನೀನು ಸುಮ್ನೆ ಚಿಂತೆ ಮಾಡುತ್ತೀಯ ಅಂತ ಹೇಳಿರಲಿಲ್ಲ. ಈಗ ನೋಡಿದರೆ ನೀನೂ ಅದನ್ನೇ ಮಾಡಿದ್ದೀಯ. ಲೆಕ್ಕ ಚುಕ್ತಾ.

ನನ್ನ ಕೆಲಸದ ಪಿಪೆಟ್ ಅನ್ನೋದನ್ನ ವಿಡಿಯೋದಲ್ಲಿ ಒಂದು ಸಲ ತೋರಿಸಿದ್ದೆ, ನೆನಪಿದೆಯಾ? ದಪ್ಪ ಪೆನ್ನಿನ ಹಾಗಿರುತ್ತೆ, ತಲೆಯ ಮೇಲೆ ಒಂದು ಗುಂಡಿ. ಹೆಬ್ಬೆರಳಲ್ಲಿ ಒತ್ತಿದರೆ ಒಂದು ಹನಿ ಬೀಳುತ್ತೆ. ಕೆಲವು ದಿನ ಬೆಳಗಿನಿಂದ ಸಂಜೆವರೆಗೂ ಬರೀ ಒತ್ತೋದೇ ಕೆಲಸ. ಒಂದು ರಾತ್ರಿ ಎಚ್ಚರವಾಯಿತು. ದಿಂಬಿನ ಮೇಲೆ ಬೇರೆ ಯಾರದೋ ಕೈ ಇಟ್ಟ ಹಾಗಿತ್ತು. ಎಡಗೈಯಲ್ಲಿ ಎತ್ತಿ ನೋಡಿದೆ, ನನ್ನದೇ ಬಲಗೈ! ಕೊಡವಿದ ಮೇಲೆ ಇರುವೆ ಹರಿದ ಹಾಗೆ ಜುಮುಜುಮು ಅಂತ ಜೀವ ಬಂತು. ಪಿಪೆಟ್ ಒತ್ತಿದ್ದಕ್ಕೇ ಹೀಗಾಗಿದೆ ಅಂದುಕೊಂಡೆ. ನೀನು ಅಡಿಕೆ ಅಂದುಕೊಂಡ ಹಾಗೆ.

ಈಗ ಒಂದು ಕೆಲಸ ಮಾಡು. ಮುಂದಿನ ಸಲ ಜೋಮು ಹಿಡಿದಾಗ ಕೈ ಕೊಡವೋ ಮುಂಚೆ ಬೆರಳು ಒಂದೊಂದೇ ಮುಟ್ಟಿ ನೋಡಿಕೋ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಲ್ಲಿ ನಡುಬೆರಳಿನ ಕಡೆಯ ಅರ್ಧ, ಇಷ್ಟು ಮಾತ್ರ ಜೋಮು ಹಿಡಿದು ಕಿರುಬೆರಳು ಆರಾಮವಾಗಿದ್ದರೆ, ಅದು ನನಗೆ ಬಂದಿದ್ದೇ. ಕಿರುಬೆರಳೂ ಜೋಮು ಹಿಡಿದಿದ್ದರೆ ತೊಂದರೆ ಬೇರೆ ಎಲ್ಲೋ ಇರಬಹುದು, ಮೊಣಕೈಯಲ್ಲೋ ಕುತ್ತಿಗೆಯಲ್ಲೋ. ಇನ್ನೊಂದು ಪರೀಕ್ಷೆಯೂ ಇದೆ. ಎರಡೂ ಕೈಯ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳನ್ನು ನೆಲದ ಕಡೆ ಬಿಟ್ಟು, ಎದೆ ಹತ್ತಿರ ಒಂದು ನಿಮಿಷ ಹಿಡಿದುಕೋ. ನಮಸ್ಕಾರವನ್ನು ತಲೆಕೆಳಗು ಮಾಡಿದ ಹಾಗೆ. ಅಷ್ಟರೊಳಗೆ ಅವೇ ಬೆರಳುಗಳಲ್ಲಿ ಜೋಮು ಬಂದರೆ ಹೆಚ್ಚುಕಮ್ಮಿ ಇದೇ. ಇದಕ್ಕೆ ಫೇಲನ್ ಪರೀಕ್ಷೆ ಅಂತಾರೆ. ಇಲ್ಲಿ ಡಾಕ್ಟರು ನನ್ನ ಕೈಯಲ್ಲಿ ಮಾಡಿಸಿದ್ದೂ ಇದನ್ನೇ. ನನಗೆ ಇಪ್ಪತ್ತು ಎಣಿಸೋದರೊಳಗೆ ಬಂತು.

ಇದರ ಹೆಸರು ಕಾರ್ಪಲ್ ಟನಲ್ ಸಿಂಡ್ರೋಮ್. ಹೆಸರು ದೊಡ್ಡದು, ವಿಷಯ ಸಣ್ಣದು. ನಮ್ಮ ತೋಟದ ದಾರಿ ಕೆಳಗೆ ಮೋರಿ ಇದೆಯಲ್ಲ, ಮಣಿಕಟ್ಟಿನಲ್ಲೂ ಅಂಥದ್ದೇ ಒಂದು. ತಳಕ್ಕೆ, ಪಕ್ಕಕ್ಕೆ ಸಣ್ಣ ಸಣ್ಣ ಮೂಳೆ. ಮೇಲೆ ಒಂದು ಗಟ್ಟಿ ಪಟ್ಟಿ. ಬೆರಳು ಮಡಚುವ 9 ಹುರಿಗಳು ಅದರೊಳಗೇ ಹೋಗಬೇಕು, ಜೊತೆಗೆ ಒಂದು ನರ. ಒಳಗೆ ಸ್ವಲ್ಪ ಊದಿಕೊಂಡರೂ ಮೂಳೆ ಜಾಗ ಬಿಡಲ್ಲ, ಪಟ್ಟಿಯೂ ಬಿಡಲ್ಲ. ಮೋರಿಗೆ ಸೋಗೆ ಸಿಕ್ಕಿಕೊಂಡ ಹಾಗೆ. ಎಲ್ಲಕ್ಕಿಂತ ಮೆತ್ತಗಿರೋದು ನರ. ಪೆಟ್ಟು ಬೀಳೋದು ಅದಕ್ಕೆ.

ರಾತ್ರಿಯೇ ಯಾಕೆ ಜಾಸ್ತಿ ಅಂದರೆ, ನಾವು ಕೈ ಮಡಚಿಕೊಂಡು ಮಲಗುತ್ತೇವೆ. ನೀನಂತೂ ಕೆನ್ನೆ ಕೆಳಗೆ ಕೈ ಮಡಚಿಟ್ಟುಕೊಂಡೇ ಮಲಗೋದು. ಮಣಿಕಟ್ಟು ಮಡಚಿದರೆ ಒಳಗಿನ ಒತ್ತಡ ಏರುತ್ತೆ. ಅದಕ್ಕೇ ಈ ಕಾಯಿಲೆಗೆ ಮನೆಯಲ್ಲಿ ಮಾಡಿಕೊಳ್ಳಬಹುದಾದ ದೊಡ್ಡ ಮದ್ದು ಎಣ್ಣೆಯಲ್ಲ, ಕಷಾಯವಲ್ಲ. ರಾತ್ರಿ ಮಣಿಕಟ್ಟು ಮಡಚದ ಹಾಗೆ ನೋಡಿಕೊಳ್ಳೋದು, ಅಷ್ಟೇ. ಅದಕ್ಕೊಂದು ಪಟ್ಟಿ ಸಿಗುತ್ತೆ, ಸ್ಪ್ಲಿಂಟ್ ಅಂತಾರೆ. ಬಟ್ಟೆಯ ಕೈಗವಸಿನ ಹಾಗೆ, ಅಂಗೈ ಕಡೆ ಒಳಗೆ ಒಂದು ಲೋಹದ ಪಟ್ಟಿ.

ಇದರಲ್ಲಿ ನಾನು ಮಾಡಿದ ಎಡವಟ್ಟು ಕೇಳು. ಔಷಧಿ ಅಂಗಡಿಯಲ್ಲಿ ಎಡಗೈದು ಕೊಟ್ಟರು, ನಾನೂ ನೋಡದೆ ತಂದೆ. ಬದಲಾಯಿಸಿಕೊಂಡು ಬಂದ ಮೇಲೆ, ಬಿಗಿಯಾಗಿದ್ದರೆ ಬೇಗ ವಾಸಿ ಅಂತ ಬೈಹುಲ್ಲು ಹೊರೆ ಕಟ್ಟೋ ಹಾಗೆ ಬಿಗಿದೆ. ಜೋಮು ಎರಡು ಪಟ್ಟಾಯಿತು. ಐದು ವಾರ ಕಾದ ಮೇಲೆ ಫಿಸಿಯೋಥೆರಪಿಗೆ ಸರದಿ ಬಂತು. ಅಲ್ಲಿನ ಫಿಸಿಯೋ ಪಟ್ಟಿ ಬಿಚ್ಚಿ, ಒಳಗಿನ ಲೋಹವನ್ನು ಎಳೆದು ತೆಗೆದು ಮೇಜಿನ ಮೇಲಿಟ್ಟಳು. ಅದು ದೋಸೆ ಸೌಟಿನ ಹಿಡಿ ಹಾಗೆ ಮೇಲಕ್ಕೆ ಬಾಗಿತ್ತು. ಅಂಗಡಿಯಿಂದ ಬರೋದೇ ಹಾಗಂತೆ. ಮೇಜಿನ ಅಂಚಿಗೆ ಒತ್ತಿ ನೇರ ಮಾಡಿ ವಾಪಸ್ ತೂರಿಸಿದಳು. ಮಣಿಕಟ್ಟು ಕೆಳಗೂ ಬಾಗಬಾರದು, ಮೇಲೂ ಬಾಗಬಾರದು. ಪಟ್ಟಿಯ ಒಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಆಮೇಲೆ ವಾರದೊಳಗೆ ರಾತ್ರಿ ಪೂರ್ತಿ ನಿದ್ದೆ ಬರೋಕೆ ಶುರುವಾಯಿತು. ಒಂದೆರಡು ದಿನಕ್ಕೆ ಬಿಡಬಾರದು, ಕಡಿಮೆ ಅಂದರೆ ಆರು ವಾರ ಕಟ್ಟಬೇಕು. ಪಟ್ಟಿ ಕೈಗೆ ಬರೋವರೆಗೆ ಒಂದು ಸಣ್ಣ ಟವೆಲನ್ನು ಮಣಿಕಟ್ಟಿಗೆ ಸಡಿಲವಾಗಿ ಸುತ್ತಿಕೊಂಡು ಮಲಗು. ಮಡಚೋಕೆ ಹೋದರೆ ಅದೇ ತಡೆಯುತ್ತೆ. ಬಳೆ ಬಿಗಿಯಾಗಿದ್ದರೆ ರಾತ್ರಿ ತೆಗೆದಿಡು. ಒಂದೆರಡು ಇರಲೇಬೇಕು ಅಂದರೆ ಎಡಗೈಯಲ್ಲಿ ಇರಲಿ.

ನೀನು ಮಾಡಿಕೊಳ್ಳುತ್ತಿರೋ ಮದ್ದಿನ ಪಟ್ಟಿಯನ್ನೂ ಅತ್ತಿಗೆ ಹೇಳಿದರು. ಒಂದೊಂದಾಗಿ ಬರುತ್ತೇನೆ.

ಉಪ್ಪಿನ ಶಾಖ ನಿಲ್ಲಿಸು. ಸೊಂಟಕ್ಕಾದರೆ ಬೇರೆ ಮಾತು. ಜೋಮು ಹಿಡಿದ ಕೈಗೆ ಬಿಸಿ ಎಷ್ಟು ಅಂತ ಗೊತ್ತಾಗಲ್ಲ. ಹುರಿದ ಉಪ್ಪಿನ ಗಂಟು ಬೊಬ್ಬೆ ಬರಿಸಿದ ಮೇಲೇ ತಿಳಿಯೋದು. ಬೇಕಿದ್ದರೆ ಬೆಚ್ಚಗಿನ ನೀರಲ್ಲಿ ಐದು ಹತ್ತು ನಿಮಿಷ ಕೈ ಅದ್ದು. ನೀರಿನ ಬಿಸಿಯನ್ನು ಎಡಗೈಯಲ್ಲಿ ನೋಡಿಕೋ. ಸುಲಿತ ಮುಗಿದ ಮೇಲೆ ಊದಿದ ಹಾಗಿದ್ದರೆ ಒದ್ದೆ ತಣ್ಣನೆ ಬಟ್ಟೆ ಒಳ್ಳೆಯದು.

ಅರಿಶಿನ ಹಾಲು ಕುಡಿ, ಬೇಡ ಅನ್ನಲ್ಲ. ಕಾಳುಮೆಣಸಿನ ಪುಡಿ ಹಾಕಿದರೆ ಅರಿಶಿನ ಮೈಗೆ ಚೆನ್ನಾಗಿ ಹತ್ತುತ್ತೆ, ಅದೂ ನಿಜ. ಆದರೆ ಅದು ಮಣಿಕಟ್ಟಿನ ಮೋರಿವರೆಗೆ ಹೋಗಿ ಸೋಗೆ ಬಿಡಿಸುತ್ತೆ ಅಂತ ನಂಬಿಕೊಂಡು ಕೂರಬೇಡ. ನಾನು ಒಂದು ತಿಂಗಳು ಕುಡಿದೆ, ಮೇಲಿಂದ ಅರಿಶಿನದ ಪಟ್ಟೂ ಹಾಕಿದೆ. ಬಾಡಿಗೆ ಮನೆಯ ಬಿಳಿ ಹಾಸಿಗೆ ಹಳದಿಯಾಯಿತು. ಮನೆ ಮಾಲೀಕಳಿಗೆ ಏನು ಹೇಳಿದೆ ಅಂತ ಇನ್ನೊಂದು ಸಲ ಬರೆಯುತ್ತೇನೆ.

ಎಣ್ಣೆ ವಿಷಯದಲ್ಲಿ ನಿನಗೆ ಖುಷಿಯಾಗೋ ಸುದ್ದಿ ಇದೆ. ಇರಾನಿನಲ್ಲಿ ಅಗಸೆ ಎಣ್ಣೆಯನ್ನು ಈ ಕಾಯಿಲೆಯವರ ಮಣಿಕಟ್ಟಿಗೆ ದಿನಕ್ಕೆರಡು ಸಲ, ನಾಲ್ಕು ವಾರ ಹಚ್ಚಿಸಿ ನೋಡಿದ್ದಾರೆ. ಇನ್ನರ್ಧ ಜನಕ್ಕೆ ತೋರಿಕೆಗೆ ಬೇರೆ ಎಣ್ಣೆ. ಅಗಸೆ ಹಚ್ಚಿದವರಿಗೆ ಹೆಚ್ಚು ಗುಣ ಕಂಡಿದೆ. ಇಲ್ಲಿ ನನ್ನ ಪಕ್ಕದ ಮನೆಯವರು ಧಾರವಾಡದವರು. ಅವರಿಗೆ ಇದನ್ನು ಹೇಳಿದ್ದೇ ತಡ, "ನಮ್ಮ ಅಗಸಿ ಹಿಂಡಿ ತಿಂದ್ರ ಒಳಗಿಂದನೂ ಹತ್ತತೈತಿ" ಅಂತ ಒಂದು ಡಬ್ಬಿ ತಂದುಕೊಟ್ಟರು. ಕೈಗೆ ಏನಾಯಿತೋ ಗೊತ್ತಿಲ್ಲ, ಅನ್ನಕ್ಕಂತೂ ಚೆನ್ನಾಗಿತ್ತು. ಆದರೆ ಒಂದು ಮಾತು ಗಮನಿಸು. ಇರಾನಿನಲ್ಲಿ ಎರಡೂ ಗುಂಪಿನವರು ರಾತ್ರಿ ಪಟ್ಟಿ ಕಟ್ಟಿಕೊಂಡೇ ಇದ್ದರು. ಪಟ್ಟಿ ಬಿಟ್ಟು ಎಣ್ಣೆ ಅಲ್ಲ, ಪಟ್ಟಿ ಜೊತೆಗೆ ಎಣ್ಣೆ. ನೀಲಗಿರಿ ಎಣ್ಣೆ ಹಚ್ಚಿದರೆ ತಣ್ಣಗೆ ಹಿತ ಅನಿಸುತ್ತೆ, ಹಚ್ಚಿಕೋ. ಮೊಣಕೈಯಿಂದ ಕೆಳಕ್ಕೆ ಮೆಲ್ಲಗೆ ನೀವಿಕೋ. ಮಣಿಕಟ್ಟಿನ ಮೇಲೆ ಮಾತ್ರ ಹೆಬ್ಬೆರಳು ಊರಿ ಒತ್ತಬೇಡ.

ಅಪ್ಪಯ್ಯನಿಗೆ ಒಂದು ಮಾತು. ನೀವು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದುಕೊಟ್ಟ "ನರದ ಮಾತ್ರೆ" ಸದ್ಯಕ್ಕೆ ಬೇಡ. ಅಂಥವುಗಳಲ್ಲಿ ಬಿ6 ವಿಟಮಿನ್ ಜಾಸ್ತಿ ಇರುತ್ತೆ. ಈ ಕಾಯಿಲೆಗೆ ಅದರಿಂದ ಉಪಯೋಗ ಅಂತ ಸಾಬೀತಾಗಿಲ್ಲ. ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ತಿಂದರೆ ಅದೇ ನರವನ್ನು ಹಾಳು ಮಾಡುತ್ತೆ. ಡಾಕ್ಟರ್ ಬರೆದುಕೊಟ್ಟರೆ ಸರಿ, ಅಂಗಡಿಯವನ ಮಾತಿಗೆ ಬೇಡ.

ಬೆರಳಿಗೆ ಒಂದು ವ್ಯಾಯಾಮ ಹೇಳಿಕೊಟ್ಟಿದ್ದಾಳೆ ಫಿಸಿಯೋ. ಮೊದಲು ಬೆರಳು ನೆಟ್ಟಗೆ. ಆಮೇಲೆ ದೋಟಿಯ ಕೊಕ್ಕೆ ಹಾಗೆ ಮೇಲಿನ ಗೆಣ್ಣು ಮಾತ್ರ ಮಡಚು. ಮತ್ತೆ ನೆಟ್ಟಗೆ. ಆಮೇಲೆ ಮುಷ್ಟಿ, ಬಿಗಿ ಬೇಡ. ಹೀಗೆ ಐದಾರು ಸಲ, ದಿನಕ್ಕೆ ಮೂರು ಹೊತ್ತು. ನೋವು ಬಂದರೆ ಅಲ್ಲಿಗೇ ನಿಲ್ಲಿಸು. ಯೋಗದ ಮೇಲೂ ಒಂದು ಪ್ರಯೋಗ ಆಗಿದೆ. ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯ 11 ಆಸನಗಳನ್ನು ಫಿಲಡೆಲ್ಫಿಯಾದಲ್ಲಿ ಎಂಟು ವಾರ ಮಾಡಿಸಿದ್ದರಂತೆ. 1998ರಲ್ಲಿ ಅದರ ವರದಿ ಬಂತು. ಮಾಡಿದವರಿಗೆ ನೋವು ಕಡಿಮೆಯಾಗಿ ಕೈಯ ಹಿಡಿತ ಹೆಚ್ಚಿತ್ತು. ಒಟ್ಟು 42 ಜನ ಅಷ್ಟೇ, ನಮ್ಮನೆ ಸತ್ಯನಾರಾಯಣ ಪೂಜೆಗೆ ಬರೋರಿಗಿಂತ ಕಮ್ಮಿ. ಆದರೂ ಕೋಲಾರದವರ ಆಸನ ಅಮೆರಿಕದವರ ಕೈಗೆ ಬಂತಲ್ಲ ಅಂತ ಓದಿದಾಗ ಹೆಮ್ಮೆಯಾಯಿತು.

ಇನ್ನು ಅಡಿಕೆ. ಸುಲಿಯಬೇಡ ಅಂದರೆ ನೀನು ಕೇಳಲ್ಲ, ಗೊತ್ತು. ಚಳಿಯಲ್ಲಿ ಅಂಗಳದಲ್ಲಿ ದೀಪ ಹಾಕಿಕೊಂಡು ಎಲ್ಲರ ಜೊತೆ ಹರಟೆ ಹೊಡೆಯುತ್ತಾ ಮೆಟ್ಟುಗತ್ತಿ ಮುಂದೆ ಕೂರೋದು ನಿನಗೆ ಬರೀ ಕೆಲಸ ಅಲ್ಲ. ಆದರೆ ಕಾಯಿಯನ್ನು ಕತ್ತಿಗೆ ಒತ್ತಿ ಸಿಪ್ಪೆ ತಿರುಚೋವಾಗ ಮಣಿಕಟ್ಟು ಪ್ರತಿ ಸಲ ಮಡಚುತ್ತೆ, ಜೊತೆಗೆ ಬಲವೂ ಬೀಳುತ್ತೆ. ಅರ್ಧ ಗಂಟೆಗೊಮ್ಮೆ ಎದ್ದು ಎಲೆ ಹಾಕಿಕೋ. ಈ ವರ್ಷ ಅಣ್ಣ ಸುಲಿಯೋ ಯಂತ್ರ ಬಾಡಿಗೆಗೆ ತರಲಿ. ಹಾಲು ಕರೆಯೋದನ್ನೂ ಅವನೇ ಮಾಡಲಿ. ಅದು ಅಡಿಕೆಗಿಂತ ಕಷ್ಟ ಈ ಕೈಗೆ. "ಗೌರಿ ನನ್ನ ಕೈಗೆ ಬಿಟ್ಟರೆ ಬೇರೆಯವರಿಗೆ ಹಾಲು ಕೊಡಲ್ಲ" ಅಂತ ಶುರು ಮಾಡಬೇಡ. ನಿನ್ನ ಕಾಲು ಮುರಿದ ವರ್ಷ ಎರಡು ತಿಂಗಳು ಅಣ್ಣನಿಗೇ ಕೊಟ್ಟಿದ್ದಾಳೆ. ಒದ್ದೆ ಬಟ್ಟೆ ಹಿಂಡೋದೂ ಸದ್ಯಕ್ಕೆ ಬೇಡ.

ಇಷ್ಟೆಲ್ಲ ಬರೆದೆ, ಆದರೆ ಈ ಕಾಗದ ಬರೆಯೋಕೆ ಕೂತಿದ್ದು ಇದಕ್ಕಲ್ಲ.

ನನ್ನ ಕೈ ನೋಡಿದ ಡಾಕ್ಟರು ಪಿಪೆಟ್ ವಿಷಯ ಕೇಳಿಸಿಕೊಂಡು, "ಚಳಿ ಜಾಸ್ತಿ ಆಗುತ್ತಾ? ಕೂದಲು ಉದುರುತ್ತಾ?" ಅಂತ ಕೇಳಿದರು. ಶೆಫೀಲ್ಡಿನಲ್ಲಿ ಯಾರಿಗೆ ಚಳಿ ಆಗಲ್ಲ ಅಂತ ನಕ್ಕೆ. ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಕುತ್ತಿಗೆಯಲ್ಲಿರೋ ಥೈರಾಯ್ಡ್ ಗ್ರಂಥಿ ಕಡಿಮೆ ಕೆಲಸ ಮಾಡುತ್ತಿತ್ತು. ಅದು ಕಡಿಮೆಯಾದರೆ ಮೈಯಲ್ಲಿ ಊತ ತುಂಬಿಕೊಳ್ಳುತ್ತೆ, ಮಣಿಕಟ್ಟಿನ ಒಳಗೂ. ಶುಗರ್ ಇದ್ದರೂ ಈ ಜೋಮು ಬರೋದು ಹೆಚ್ಚು. ನಾನು ಮೂರು ತಿಂಗಳು ಪಿಪೆಟ್ಟನ್ನು ಬೈದುಕೊಂಡಿದ್ದೆ. ಅದರದ್ದೂ ಪಾಲಿದೆ, ಆದರೆ ಪೂರ್ತಿ ಅದರದ್ದೇ ಅಲ್ಲ.

ಥೈರಾಯ್ಡ್ ತೊಂದರೆ ಮನೆತನದಲ್ಲಿ ಬರುತ್ತೆ ಅಮ್ಮ. ಕಳೆದ ತಿಂಗಳು ವಿಡಿಯೋದಲ್ಲಿ ನಿನ್ನ ಮುಖ ಊದಿದ ಹಾಗೆ ಕಂಡಿತ್ತು. ಲೈಟು ಸರಿಯಿಲ್ಲ ಅಂದೆ. ತುರುಬು ನಿಂಬೆಹಣ್ಣಿನಷ್ಟಾಗಿದೆ. ಮಧ್ಯಾಹ್ನ ಮಲಗದೇ ಇದ್ದವಳು ಈಗ ಊಟ ಆಗಿದ್ದೇ ಮಲಗುತ್ತೀಯಂತೆ. ಇದೆಲ್ಲ ವಯಸ್ಸೂ ಇರಬಹುದು. ಅಡಿಕೆಯೂ ಇರಬಹುದು. ಥೈರಾಯ್ಡಿಗೆ ಟಿಎಸ್‌ಎಚ್ ಅನ್ನೋದೊಂದು, ಶುಗರ್‌ದೊಂದು, ಎರಡು ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗಿಬಿಡುತ್ತೆ. ಅಣ್ಣ ಸೋಸೈಟಿ ಕೆಲಸಕ್ಕೆ ಸಾಗರಕ್ಕೆ ಹೋಗೋವಾಗ ನಿನ್ನನ್ನೂ ಕರೆದುಕೊಂಡು ಹೋಗಲಿ. ಥೈರಾಯ್ಡೇ ಆಗಿದ್ದರೆ ದಿನಕ್ಕೊಂದು ಸಣ್ಣ ಮಾತ್ರೆ. ಕಷ್ಟ ಒಂದೇ, ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಲ್ಲಿ ನುಂಗಿ, ಕಾಫಿಗೆ ಅರ್ಧ ಗಂಟೆಯಾದರೂ ಕಾಯಬೇಕು. ನಿನಗೆ ಅದೇ ದೊಡ್ಡ ಶಿಕ್ಷೆ ಅಂತ ಗೊತ್ತು.

ಡಾಕ್ಟರ ಹತ್ತಿರ ಹೋದಾಗ ಎರಡೂ ಅಂಗೈ ಪಕ್ಕ ಪಕ್ಕ ಇಟ್ಟು ತೋರಿಸು. ಹೆಬ್ಬೆರಳಿನ ಬುಡದ ಉಬ್ಬು ಬಲಗೈಯಲ್ಲಿ ಚಪ್ಪಟೆ ಆಗಿದ್ದರೆ, ಸೂಜಿಗೆ ದಾರ ಪೋಣಿಸೋಕೆ, ರವಿಕೆ ಹುಕ್ಕು ಹಾಕೋಕೆ ಆಗದೇ ಇದ್ದರೆ, ಇಲ್ಲಾ ಹಗಲಿಡೀ ಜೋಮು ಇದ್ದರೆ ಮನೆ ಮದ್ದು ಅಂತ ಕೂರಬಾರದು. ನರ ತುಂಬಾ ದಿನ ಒತ್ತಿಕೊಂಡಿದ್ದರೆ ಆಮೇಲೆ ಪೂರ್ತಿ ವಾಪಸ್ ಬರದೇ ಹೋಗಬಹುದು. ಮಣಿಕಟ್ಟಿಗೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದೂ ಆಗದಿದ್ದರೆ ಮೇಲಿನ ಗಟ್ಟಿ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡುತ್ತಾರೆ. ಕೈ ಮಾತ್ರ ಮರಗಟ್ಟಿಸಿ ಮಾಡೋ ಸಣ್ಣ ಆಪರೇಷನ್. ಈಗಲೇ ಹೆದರಬೇಡ, ನನಗೆ ಅದರ ಗೊಡವೆ ಬರಲಿಲ್ಲ. ಪಟ್ಟಿ, ಮಾತ್ರೆ ಎರಡರಲ್ಲೇ ಸೆಪ್ಟೆಂಬರ್ ಹೊತ್ತಿಗೆ ಬಹುಪಾಲು ಸರಿಹೋಯಿತು. ಈ ಕಾಗದವನ್ನು ಕೈಯಲ್ಲೇ ಬರೆದಿದ್ದೇನೆ ನೋಡು. ನಾಲ್ಕು ಸಲ ಕೂತು ಬರೆದೆ, ಅಕ್ಷರ ಬದಲಾದ ಕಡೆಯೆಲ್ಲ ನಾನು ಎದ್ದು ಹೋಗಿದ್ದೆ ಅಂತ ಲೆಕ್ಕ.

ಇದರ ಜೊತೆಗೇ ಬೇರೆ ಪಾರ್ಸೆಲ್‌ನಲ್ಲಿ ಪಟ್ಟಿ ಕಳಿಸಿದ್ದೇನೆ. ಬಲಗೈದೇ, ಎರಡು ಸಲ ನೋಡಿದ್ದೇನೆ. ಒಳಗಿನ ಲೋಹವನ್ನು ನೇರ ಮಾಡಿಯೇ ಹಾಕಿದ್ದೇನೆ. ಅಪ್ಪಯ್ಯ ಅದನ್ನು ಎಳೆದು ನೋಡೋಕೆ ಹೋಗಬಾರದು. ಪುಟ್ಟನಿಗೆ ಚಾಕಲೇಟ್ ಇದೆ, ಅತ್ತಿಗೆಗೆ ಒಂದು ಸ್ವೆಟರ್.

ಭಾನುವಾರ ಫೋನ್ ಮಾಡುತ್ತೇನೆ. ಎತ್ತಿದ ತಕ್ಷಣ ಕಿರುಬೆರಳಿನ ಸಮಾಚಾರ ಹೇಳು. ಊಟ ಆಯ್ತಾ ಅನ್ನೋದು ಆಮೇಲೆ.

ನಿನ್ನ ಮಗಳು