ಕೊನೆಯ ಸ್ವರ ಊದಿದವನು

ಪ್ರೀತಿಯ ಗೆಳೆಯಾ,

ಹ್ಯಾರಿ ಪಾಟರ್ ಲೋಕದಲ್ಲಿ ನಿನಗೆ ಯಾರು ಇಷ್ಟ ಎಂದು ಮೊನ್ನೆ ಫೋನಿನಲ್ಲಿ ನೀನು ಕೇಳಿದೆ. ನಾನು ಗಿಡಿಯನ್ ಕ್ರಂಬ್ ಎಂದೆ. ಯಾರದು ಎಂದೆ ನೀನು. ಅವನ ವಿಷಯವನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ.

2000ದಲ್ಲಿ ಬಂದ ನಾಲ್ಕನೆಯ ಪುಸ್ತಕದ 23ನೇ ಅಧ್ಯಾಯ ತೆಗೆ. ಮಾಂತ್ರಿಕರ ಶಾಲೆ ಹಾಗ್ವಾರ್ಟ್ಸ್‌ನಲ್ಲಿ ಕ್ರಿಸ್‌ಮಸ್ ರಾತ್ರಿಯ ನೃತ್ಯಕೂಟ. ನುಡಿಸಲು ಬಂದವರು ‘ವಿಯರ್ಡ್ ಸಿಸ್ಟರ್ಸ್’ ತಂಡದವರು. ಹೆಸರು ‘ಮ್ಯಾಕ್‌ಬೆತ್’ ನಾಟಕದ ಮಾಟಗಾತಿಯರದು. ಮಾಂತ್ರಿಕರ ರೇಡಿಯೋ ಕೇಳುತ್ತಾ ಬೆಳೆದ ಮಕ್ಕಳಿಗೆ ಅವರೆಂದರೆ ಪ್ರಾಣ. ಆ ರೇಡಿಯೋ ಕೇಳುವ ಭಾಗ್ಯವೇ ಇಲ್ಲದ ಹ್ಯಾರಿಗೆ ಅವರು ಯಾರೆಂದೂ ಗೊತ್ತಿಲ್ಲ. ಕೂದಲು ಬೆಳೆಸಿಕೊಂಡ ಮಂದಿ, ಬೇಕೆಂದೇ ಹರಿದುಕೊಂಡ ಕಪ್ಪು ನಿಲುವಂಗಿ. ಡ್ರಮ್, ಗಿಟಾರ್, ಲ್ಯೂಟ್, ಚೆಲ್ಲೋ, ಬ್ಯಾಗ್‌ಪೈಪ್. ಆ ಬ್ಯಾಗ್‌ಪೈಪ್ ಊದುವವನೇ ಕ್ರಂಬ್. ಕಾದಂಬರಿ ಅವನ ಹೆಸರನ್ನೂ ಹೇಳುವುದಿಲ್ಲ. ಅದು ಸಿಗುವುದು ಹ್ಯಾರಿ ಪಾಟರ್ ವಿಡಿಯೋ ಗೇಮ್‌ಗಳಲ್ಲಿ ಬರುವ ಪ್ರಸಿದ್ಧ ಮಾಂತ್ರಿಕರ ಕಾರ್ಡುಗಳಲ್ಲಿ.

ಮೊದಲು ನುಡಿಸುವುದು ನಿಧಾನವಾದ, ದುಃಖ ತುಂಬಿದ ಒಂದು ಧುನ್. ಹ್ಯಾರಿ ಪಾರ್ವತಿ ಪಾಟೀಲಳ ಜೊತೆ ಸುತ್ತುತ್ತಾ, ಇದು ಯಾವಾಗ ಮುಗಿಯುವುದೋ ಎಂದು ಒದ್ದಾಡುತ್ತಿರುತ್ತಾನೆ. ಕೊನೆಗೆ ಬ್ಯಾಗ್‌ಪೈಪಿನ ನಡುಗುವ ಸ್ವರವೊಂದು ಕೇಳಿ ನಿಂತುಹೋಗುತ್ತದೆ. ಕ್ರಂಬ್‌ಗೆ ಪುಸ್ತಕದಲ್ಲಿ ಸಿಕ್ಕಿದ್ದು ಅಷ್ಟೇ. ಹ್ಯಾರಿಗೆ ಬಿಡುಗಡೆ.

ನಾನು ಮಾತ್ರ ಆ ನಡುಕದಲ್ಲೇ ನಿಂತುಬಿಟ್ಟೆ. ಬ್ಯಾಗ್‌ಪೈಪಿನಲ್ಲಿ ಉಸಿರು ನೇರವಾಗಿ ಸ್ವರವಾಗುವುದಿಲ್ಲ. ಊದಿದ ಗಾಳಿ ಮೊದಲು ಕಂಕುಳಲ್ಲಿರುವ ತಿತ್ತಿಗೆ ಹೋಗುತ್ತದೆ. ಮೊಣಕೈಯಿಂದ ಅದನ್ನು ಒಂದೇ ಹದದಲ್ಲಿ ಒತ್ತುತ್ತಿರಬೇಕು. ಹದ ತಪ್ಪಿ ಒತ್ತಡ ಇಳಿದರೆ ಸ್ವರ ಅಲುಗಾಡುತ್ತದೆ. ಉಳಿದವರೆಲ್ಲ ಕೈ ಎತ್ತಿದ ಮೇಲೂ ಇವನ ತಿತ್ತಿಯಲ್ಲಿ ಗಾಳಿ ಇನ್ನೂ ಉಳಿದಿರುತ್ತದೆ. ಮಂತ್ರದಂಡದಿಂದ ಏನನ್ನಾದರೂ ಮಾಡಬಲ್ಲ ಮನುಷ್ಯ ಅಲ್ಲಿ ಬರೀ ಮೊಣಕೈಯನ್ನು ನಂಬಿ ನಿಂತಿದ್ದಾನೆ ಎಂದುಕೊಂಡಾಗ ನನಗೆ ಅವನ ಮೇಲೆ ಎಷ್ಟು ಅಕ್ಕರೆ ಬಂತೆಂದರೆ, ಪುಟ ಮುಂದಕ್ಕೆ ಹೋಗಲೇ ಇಲ್ಲ.

ನಮ್ಮೂರ ಜಾತ್ರೆಯ ಓಲಗದಲ್ಲಿ ಶ್ರುತಿ ಹಿಡಿಯುತ್ತಿದ್ದ ಅಜ್ಜ ನೆನಪಿದ್ದಾರೆಯೇ? ಕೆನ್ನೆ ಉಬ್ಬಿಸಿ ಗಂಟೆಗಟ್ಟಲೆ ಒಂದೇ ಸ್ವರ. ನಾವು ಡೋಲಿನವರನ್ನೇ ನೋಡುತ್ತಿದ್ದೆವು.

ಈ ಪುಸ್ತಕದ 2005ರ ಸಿನಿಮಾದಲ್ಲಿ ಈ ತಂಡದವರಾಗಿ ಬ್ರಿಟಿಷ್ ಗಾಯಕ ಜಾರ್ವಿಸ್ ಕಾಕರ್ ಹಾಡುತ್ತಾರೆ, ರೇಡಿಯೋಹೆಡ್ ಎಂಬ ರಾಕ್ ತಂಡದ ಜಾನಿ ಗ್ರೀನ್‌ವುಡ್ ಮತ್ತು ಫಿಲ್ ಸೆಲ್ವೇ ಜೊತೆಗಿದ್ದಾರೆ. ಅದನ್ನೂ ಖುಷಿಯಿಂದ ನೋಡಿದ್ದೇನೆ. ಆದರೆ ನನಗೆ ಬೇಕಾದ ಸ್ವರ ಪುಸ್ತಕದಲ್ಲೇ ಇದೆ.

ನಿನ್ನ ಬಳಿಯಿರುವ ನನ್ನ ಪ್ರತಿಯಲ್ಲಿ ಆ ಪುಟದ ಮೂಲೆ ಮಡಚಿದ್ದೇನೆ. ಓದಿ ಬರೆ. ಈ ಸಲ ಜಾತ್ರೆಗೆ ಬಂದರೆ ಓಲಗದವರ ಪಕ್ಕದಲ್ಲೇ, ಶ್ರುತಿ ಹಿಡಿಯುವವರ ಕಡೆ ಕೂರೋಣ.

ನಿನ್ನವನೇ